ಪೆಥಾಲಜಿ ಮೇಡಂಗೆ, ಬಳ್ಳಾರಿಯ ಕೌಲ್ ಬಜಾರಿನ ಅಪ್ಪನಿಗೆ, ಇನ್ನೂ ಕೆಲವರಿಗೆ

ಎಫ್‌ಎಂಜಿಇ ಪಾಸಾದೆ. ಹೊರದೇಶದಲ್ಲಿ ಮೆಡಿಕಲ್ ಓದಿದವರು ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಪರೀಕ್ಷೆ ಅದು. 300ಕ್ಕೆ 150 ಬಂದರೆ ಸಾಕು, ನನಗೆ 171 ಬಂದಿದೆ. ಮೊದಲ ಸಲ 138ಕ್ಕೇ ನಿಂತಿದ್ದೆ. ಆಗ ಯಾರಿಗೂ ಹೇಳಿರಲಿಲ್ಲ, ಈಗ ಹೇಳಲು ಧೈರ್ಯ ಬಂತು ನೋಡಿ! ರಿಸಲ್ಟ್ ಬಂದಾಗಿನಿಂದ ಫೋನಿಗೆ ಬಿಡುವಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ.

2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಶುರು ಮಾಡಿದಾಗ ನಾನು ಉಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ನಾಲ್ಕನೇ ವರ್ಷದಲ್ಲಿದ್ದೆ. ಅಲ್ಲಿಂದ ಏಳು ದಿನ ಹಾಸ್ಟೆಲಿನ ನೆಲಮಾಳಿಗೆಯೇ ಮನೆ. ಅವ್ವ ಕಳಿಸಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹದಿನಾಲ್ಕು ಜನರ ಊಟವಾಯಿತು. ಹಾಸ್ಟೆಲ್ ಕಾಯುವ ಅಜ್ಜಿಗೂ ಒಂದು ತುಂಡು ಕೊಟ್ಟೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಕೆಮ್ಮಿದರು, ಆಮೇಲೆ ಮತ್ತೆ ಕೈ ಚಾಚಿದರು. ರಾತ್ರಿ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಅವರೇ ಕೂರುತ್ತಿದ್ದರು. ನಾಲ್ಕು ವರ್ಷ ಅದೇ ಕಟ್ಟಡದಲ್ಲಿದ್ದು ಅವರ ಹೆಸರು ಕೇಳಿರಲಿಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತೆ.

ಮಾರ್ಚ್ 1ಕ್ಕೆ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ದಿನಸಿಗೆಂದು ಹೊರಗೆ ಹೋದವನು ಶೆಲ್ ದಾಳಿಯಲ್ಲಿ ತೀರಿಕೊಂಡ. ಅದರ ಬಗ್ಗೆ ಜಾಸ್ತಿ ಬರೆಯಲಾರೆ. ಮರುದಿನ ರಾಯಭಾರ ಕಚೇರಿಯ ಸೂಚನೆ ಬಂತು: ಸಂಜೆ ಆರರೊಳಗೆ ಖಾರ್ಕಿವ್ ಬಿಡಿ, ಗಾಡಿ ಸಿಗದಿದ್ದರೆ ನಡೆದಾದರೂ ಹೋಗಿ. ಹಿಮದಲ್ಲಿ ಊರಾಚೆಯ ಪಿಸೋಚಿನ್‌ವರೆಗೆ ನಡೆದೆವು. ಆಮೇಲೆ ಲ್ವಿವ್, ಪೋಲೆಂಡ್, ನಮ್ಮನ್ನು ಕರೆತರಲು ಸರ್ಕಾರ ಕಳಿಸಿದ ಆಪರೇಷನ್ ಗಂಗಾ ವಿಮಾನ, ದೆಹಲಿ, ಬೆಂಗಳೂರು, ಬಳ್ಳಾರಿ. ದಾರಿಯುದ್ದಕ್ಕೂ ನೀರು, ಬ್ರೆಡ್ಡು, ಕಂಬಳಿ ಕೊಟ್ಟ ಎಲ್ಲರಿಗೂ ಕೈ ಮುಗಿಯುತ್ತೇನೆ.

ನಾವು ಮನೆ ಸೇರಿದೆವು. ಪಾಠ ಮಾಡಿದವರು ಅಲ್ಲೇ ಉಳಿದರು.

ಏಪ್ರಿಲ್‌ನಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಪೆಥಾಲಜಿ ಮೇಡಂ ಕ್ಯಾಮೆರಾ ಹಾಕಲಿಲ್ಲ. ಹಿಂದೆ ಮಕ್ಕಳ ಗಲಾಟೆ, ಯಾವುದೋ ನಾಯಿ ಬೊಗಳುವ ಸದ್ದು. ಮೆಟ್ರೋ ಸ್ಟೇಷನ್ನಿನಲ್ಲಿದ್ದರು. ಆಗ ಅಲ್ಲಿ ರೈಲು ಓಡುತ್ತಿರಲಿಲ್ಲ, ಜನ ಮಲಗುತ್ತಿದ್ದರು. ಅಲ್ಲಿಂದಲೇ ಒಬ್ಬೊಬ್ಬರ ಹೆಸರು ಕರೆದು ಹಾಜರಿ ಹಾಕಿದರು, ನನ್ನ ಹೆಸರನ್ನು ಎಂದಿನಂತೆ ತಪ್ಪಾಗಿ. ಕೌಲ್ ಬಜಾರಿನಲ್ಲಿ ಫ್ಯಾನ್ ಕೆಳಗೆ ಕೂತು "ಪ್ರೆಸೆಂಟ್" ಅನ್ನಲು ನನಗೆ ನಾಚಿಕೆಯಾಯಿತು. ಅಲ್ಲಿ ಗುರುಗಳನ್ನು ಅವರ ಹೆಸರಿನ ಜೊತೆ ಅಪ್ಪನ ಹೆಸರೂ ಸೇರಿಸಿ ಕರೆಯಬೇಕು. ನಾವು ಮೇಡಂ ಅಂತಲೇ ಕರೆದೆವು, ಅವರೂ ಒಪ್ಪಿಕೊಂಡರು.

ಆಸ್ಪತ್ರೆ ಮೇಲೆ ದಾಳಿ ಮಾಡಬಾರದು ಅಂತ 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಮ್ಯೂಸಿಯಂ, ಗ್ರಂಥಾಲಯಗಳಿಗೆ 1954ರ ಹೇಗ್ ಒಪ್ಪಂದವಿದೆ. ಆದರೂ ಮಾರ್ಚ್ 9ಕ್ಕೆ ಮರಿಯುಪೋಲ್‌ನ ಹೆರಿಗೆ ಆಸ್ಪತ್ರೆಗೆ ಬಾಂಬ್ ಬಿತ್ತು. ಮೇ ತಿಂಗಳಲ್ಲಿ ಖಾರ್ಕಿವ್ ಹತ್ತಿರದ ಹಳ್ಳಿಯಲ್ಲಿ ಸ್ಕೊವೊರೊದಾ ಮ್ಯೂಸಿಯಂ ಕ್ಷಿಪಣಿಗೆ ಸುಟ್ಟುಹೋಯಿತು. ಅವತ್ತು ಮೇಡಂ ಸ್ಲೈಡ್ ಹಾಕುವ ಮೊದಲು ಸ್ಕೊವೊರೊದಾನ ಕಥೆ ಹೇಳಿದರು. 1722ರಲ್ಲಿ ಹುಟ್ಟಿದ ತತ್ವಜ್ಞಾನಿ, ಜೋಳಿಗೆ, ಕೊಳಲು ಹಿಡಿದು ಊರೂರು ಅಲೆದವನು. ನಮ್ಮ ಕಡೆಯ ತತ್ವಪದದವರ ಹಾಗೇ ಅಲ್ವಾ ಅನ್ನಿಸಿತು. ಛಾವಣಿ ಕುಸಿದರೂ ಅವನ ಪ್ರತಿಮೆ ಮಾತ್ರ ನಿಂತೇ ಇತ್ತು. ಅದರ ಫೋಟೋ ತೋರಿಸಿ, "ಸರಿ, ಈಗ ಲಿವರ್" ಅಂದರು. ಚಳಿಗಾಲದಲ್ಲಿ ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹಿಡಿದು ಪಾಠ ಮಾಡಿದರು. 2023ರ ಸೆಪ್ಟೆಂಬರಿನಿಂದ ಅದೇ ಮೆಟ್ರೋ ಸ್ಟೇಷನ್ನುಗಳಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಶಾಲೆ ನಡೆಯಿತು. ಸುದ್ದಿ ನೋಡಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಬೇರೆ ದೇಶದಲ್ಲಿ ಕಲಿತು, ಡಿಗ್ರಿ ಮಾತ್ರ ಉಕ್ರೇನಿನ ಕಾಲೇಜಿನದೇ ಪಡೆಯಲು ನಮ್ಮ ದೇಶದ ವೈದ್ಯಕೀಯ ಆಯೋಗ ಎನ್‌ಎಂಸಿ 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ನಾನು ಜಾರ್ಜಿಯಾಕ್ಕೆ ಹೋದೆ. ಆ ಕಾಗದಪತ್ರಕ್ಕೆ ಒಂದು ಕಚೇರಿಯವರು ನನ್ನನ್ನು ಹನ್ನೊಂದು ಸಲ ಅಲೆದಾಡಿಸಿದರು. ಅವರಿಗೆ ಥ್ಯಾಂಕ್ಸ್ ಇಲ್ಲ. ಹನ್ನೆರಡನೇ ಸಲ ಜೊತೆಗೆ ಬಂದು ಜೋರು ಮಾಡಿದ ಸೋದರಮಾವನಿಗೆ ಇದೆ.

ಅಪ್ಪ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿದ್ದ ತಮ್ಮ ಎರಡು ಮಿಷಿನ್ ಮಾರಿದರು. "ಹಳೇವು, ಸುಮ್ನೆ ಜಾಗ ತಿಂತಿದ್ವು" ಅಂದರು. ಹಳೆಯವಾಗಿರಲಿಲ್ಲ ಅಪ್ಪ, ನನಗೆ ಗೊತ್ತು. 138 ಬಂದ ದಿನ ಅವ್ವ ಏನೂ ಕೇಳದೆ ಬಿಸಿ ರೊಟ್ಟಿ ಬಡಿದು ಹಾಕಿದರು. ಆಮೇಲೆ ಏಳು ತಿಂಗಳು ಓದಿದ್ದು ಲೈಬ್ರರಿಯಲ್ಲಿ. ರಾತ್ರಿ ಬೀಗ ಹಾಕೋದನ್ನು ನನಗೋಸ್ಕರ ಅರ್ಧ ಗಂಟೆ ತಡ ಮಾಡುತ್ತಿದ್ದ ಅಣ್ಣನಿಗೆ ನನ್ನ ಮೊದಲ ಸ್ಟೈಪೆಂಡಿನಲ್ಲಿ ಮಿರ್ಚಿ ಮಂಡಕ್ಕಿ ಬಾಕಿ ಇದೆ.

ರಿಸಲ್ಟ್ ಬಂದ ರಾತ್ರಿ ಮೇಡಂಗೆ ಮೆಸೇಜ್ ಹಾಕಿದ್ದೆ. ಬೆಳಗಿನವರೆಗೆ ಉತ್ತರ ಇರಲಿಲ್ಲ, ನನಗೆ ನಿದ್ದೆ ಬರಲಿಲ್ಲ. ಆರೂವರೆಗೆ ಬಂತು: "ರಾತ್ರಿಯೆಲ್ಲ ಸೈರನ್. ಪೆಥಾಲಜಿ ಪ್ರಶ್ನೆ ಎಷ್ಟು ಬಂದಿದ್ದವು? ಎಲ್ಲ ಬರೆದೆಯಾ?"