ಹಾಡನ್ನು ಅರ್ಧಕ್ಕೆ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತು. ಕಾರವಾರದಲ್ಲಿ ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ಸ್ ತಂಡಗಳು ಮನೆಮನೆಗೆ ಹೊರಡುವ ಹೊತ್ತು. ಚಿಕ್ಕವಳಿದ್ದಾಗಿನಿಂದ ಇಗರ್ಜಿಯ (ಚರ್ಚಿನ) ಕೊಯರ್‌ನಲ್ಲಿ ಹಾಡುತ್ತಾ ಬಂದವಳು ನಾನು. ಹಾಡುವ ಮಕ್ಕಳಿಗೂ, ಅವರನ್ನು ಮನೆಗೆ ಕರೆಯುವವರಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಾಗಿದೆ. ದಯವಿಟ್ಟು ಹಾಡುಗಳನ್ನು ಪೂರ್ತಿ ಹಾಡಿ.

ಈಗ ನಡೆಯುವುದು ಹೀಗೆ. ಕೋಡಿಬಾಗದಲ್ಲಿ ಶುರು ಮಾಡಿ, ಸುಂಕೇರಿ ಮುಗಿಸಿ, ಅದೇ ಸಂಜೆ ಬಿಣಗಾಕ್ಕೂ ಹೋಗಬೇಕು. ಅಂಗಳದಲ್ಲಿ ನಿಂತು ಒಂದು ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ. ‘ಹ್ಯಾಪಿ ಕ್ರಿಸ್ಮಸ್’ ಅನ್ನುವಷ್ಟರಲ್ಲಿ ಗಿಟಾರ್ ಚೀಲ ಸೇರಿರುತ್ತದೆ. ಇಗರ್ಜಿಯಲ್ಲೂ ಇದೇ ರೂಢಿ ಬರುತ್ತಿದೆ. ಗುರುಗಳು ಪೀಠದ ಹತ್ತಿರ ಬಂದು ನಿಂತರೆ ಪ್ರವೇಶ ಗೀತೆ ಅಲ್ಲಿಗೇ ಮುಗಿಯಿತು. ಎಷ್ಟು ಚರಣ ಉಳಿಯಿತು ಎಂದು ಯಾರೂ ನೋಡುವುದಿಲ್ಲ.

ಇದರಿಂದ ಏನು ನಷ್ಟ ಅಂತ ಕೇಳಬಹುದು. ನಮ್ಮ ಪಕ್ಕದ ಮನೆಯ ಅಕ್ಕ ಹಿಂದೂ. ಪ್ರತಿ ವರ್ಷ ಕ್ಯಾರಲ್ಸ್‌ನವರನ್ನು ಪ್ರೀತಿಯಿಂದ ಕರೆಯುತ್ತಾರೆ. ಹೋದ ವರ್ಷ ತಂಡ ಹೋದ ಮೇಲೆ ಅವರು ನನ್ನನ್ನು ಕೇಳಿದರು: “ಟೀಚರ್, ಮಗು ಹುಟ್ಟಿದ ಖುಷಿ ಅಂತ ಗೊತ್ತಾಯ್ತು. ಆದರೆ ಲೋಕಕ್ಕೆಲ್ಲ ಯಾಕೆ ಖುಷಿ?” ಎಂಥ ಒಳ್ಳೆಯ ಪ್ರಶ್ನೆ! ಅದಕ್ಕೆ ಉತ್ತರ ಮಕ್ಕಳು ಆಗಷ್ಟೇ ಹಾಡಿದ ಹಾಡಿನಲ್ಲೇ ಇತ್ತು. ಅವರು ಹಾಡದೆ ಬಿಟ್ಟ ಚರಣದಲ್ಲಿ.

ಆ ಹಾಡು ‘ಜಾಯ್ ಟು ದ ವರ್ಲ್ಡ್’. ಇಂಗ್ಲಿಷ್ ಕವಿ ಐಸಾಕ್ ವಾಟ್ಸ್ ಅದನ್ನು ಬೈಬಲಿನ 98ನೇ ಕೀರ್ತನೆಯ ಮೇಲೆ ಬರೆದು 1719ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಮಗು ಯೇಸು ಮಲಗಿದ್ದ ಗೋದಲಿ ಇಲ್ಲ, ಕುರುಬರಿಲ್ಲ, ನಕ್ಷತ್ರವೂ ಇಲ್ಲ. ಮೊದಲ ಎರಡು ಚರಣಗಳಲ್ಲಿ ಭೂಮಿ, ಹೊಲ, ಬೆಟ್ಟ ಎಲ್ಲವೂ ಹಾಡುತ್ತವೆ. ಯಾಕೆ ಹಾಡುತ್ತವೆ ಎನ್ನುವುದು ಮೂರನೆಯದರಲ್ಲಿ ಬರುತ್ತದೆ. ಪಾಪ, ದುಃಖ ಇನ್ನು ಬೆಳೆಯದಿರಲಿ, ನೆಲದಲ್ಲಿ ಮುಳ್ಳು ಹುಟ್ಟದಿರಲಿ, ಶಾಪ ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಯವರೆಗೂ ಅವನ ಆಶೀರ್ವಾದ ಹರಿಯುತ್ತದೆ ಎನ್ನುತ್ತದೆ ಅದು. ಬೈಬಲಿನ ಮೊದಲ ಪುಸ್ತಕದಲ್ಲಿ ಆದಾಮನ ತಪ್ಪಿಗೆ ನೆಲ ಶಾಪಕ್ಕೆ ಗುರಿಯಾಗಿ ಮುಳ್ಳು ಬೆಳೆಯುತ್ತದೆ. ಆ ಮುಳ್ಳನ್ನು ಕೀಳುವುದಕ್ಕೇ ಯೇಸು ಬಂದದ್ದು. ಜಗತ್ತಿನ ಎಷ್ಟೋ ಕಡೆ ಬಿಟ್ಟುಹೋಗುವ ಚರಣವೂ ಇದೇ.

ನಮ್ಮ ಶುಭಸಂದೇಶವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ದೇವರು ನಮ್ಮ ಕಷ್ಟವನ್ನು ದೂರ ನಿಂತು ನೋಡಲಿಲ್ಲ, ತಾನೇ ಮನುಷ್ಯನಾಗಿ ಬಂದ. ನಮ್ಮ ಪಾಪವನ್ನು ಶಿಲುಬೆಯ ಮೇಲೆ ಹೊತ್ತ. ಸತ್ತು ಮೂರನೇ ದಿನ ಎದ್ದ. ಇದು ನಾವು ಗಳಿಸಿದ್ದಲ್ಲ, ಸುಮ್ನೆ ಸಿಕ್ಕ ಕೃಪೆ. ಹಳೆಯ ಹಾಡುಗಳನ್ನು ಕಟ್ಟಿದವರು ಎಷ್ಟೋ ಸಲ ಇದನ್ನೇ ಚರಣದಿಂದ ಚರಣಕ್ಕೆ ಕ್ರಮವಾಗಿ ಇಟ್ಟಿದ್ದಾರೆ. ಮೊದಲ ಚರಣಕ್ಕೇ ನಿಲ್ಲಿಸಿದರೆ ಮಗು ಗೋದಲಿಯಲ್ಲೇ ಉಳಿಯುತ್ತದೆ. ಶಿಲುಬೆಯೂ ಬರುವುದಿಲ್ಲ, ಬರಿದಾದ ಸಮಾಧಿಯೂ ಬರುವುದಿಲ್ಲ.

ಬೈಬಲಿನಲ್ಲಿ ಸಂತ ಪೌಲರು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಸೆರೆಮನೆಯಿಂದ ಬರೆದ ಪತ್ರದ ಎರಡನೇ ಅಧ್ಯಾಯ ನೋಡಿ. ಕ್ರಿಸ್ತ ತನ್ನನ್ನು ಬರಿದು ಮಾಡಿಕೊಂಡು ದಾಸನಾದ, ಶಿಲುಬೆಯ ಸಾವಿನವರೆಗೂ ತಗ್ಗಿದ, ಆದ್ದರಿಂದ ದೇವರು ಅವನನ್ನು ಮೇಲಕ್ಕೆತ್ತಿದರು ಎಂಬ ಸಾಲುಗಳಿವೆ. ಅವು ಮೊದಲ ಕ್ರೈಸ್ತರು ಹಾಡುತ್ತಿದ್ದ ಹಾಡೇ ಇರಬೇಕು ಎನ್ನುತ್ತಾರೆ ಅನೇಕ ವಿದ್ವಾಂಸರು. ನಮ್ಮ ನಾಡಿನಲ್ಲೂ ಹಾಗೆ ಮಾಡಿದವರಿದ್ದಾರೆ. ಜರ್ಮನ್ ಪಾದ್ರಿ ಕಿಟೆಲ್ ಅಂದರೆ ನಮಗೆ 1894ರ ನಿಘಂಟು ನೆನಪಾಗುತ್ತದೆ ಅಲ್ವಾ? ಅವರೇ 1862ರಲ್ಲಿ ‘ಕಥಾಮಾಲೆ’ ಎಂದು ಯೇಸುವಿನ ಬದುಕನ್ನು ಕನ್ನಡ ಪದ್ಯದಲ್ಲಿ ಬರೆದರು. ನಮ್ಮ ಜನಕ್ಕೆ ಕತೆ ಹಾಡಾಗಿ ಬಂದರೆ ಮನಸ್ಸಿಗೆ ಹತ್ತುತ್ತದೆ ಎಂದು ಅವರಿಗೆ ತಿಳಿದಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ಯೇಸುವಿನ ತಾಯಿ ಮರಿಯಮ್ಮನವರ ಹಾಡಿನದು. ಅದು ಬೈಬಲಿನಲ್ಲಿ ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿದೆ. ನಜರೇತಿನ ಬಡ ಹುಡುಗಿ, ಹೊಟ್ಟೆಯಲ್ಲಿ ಮಗು, ಬಂಧು ಎಲಿಜಬೇತಳ ಮನೆಯಲ್ಲಿ ನಿಂತು ಹಾಡುತ್ತಾಳೆ. ಧರ್ಮಸಭೆ ಅದನ್ನು ದಿನವೂ ಸಂಜೆಯ ಪ್ರಾರ್ಥನೆಯಲ್ಲಿ ಹೇಳುತ್ತದೆ. ನಾವು ‘ನನ್ನ ಪ್ರಾಣ ದೇವರನ್ನು ಕೊಂಡಾಡುತ್ತದೆ’ ಎಂಬ ಇಂಪಾದ ಭಾಗ ಹಾಡಿ ಕೂತುಬಿಡುತ್ತೇವೆ. ಮುಂದೆ ಏನಿದೆ ಗೊತ್ತೇ? ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿದ, ದೀನರನ್ನು ಎತ್ತಿದ, ಹಸಿದವರ ಹೊಟ್ಟೆ ತುಂಬಿಸಿದ, ಶ್ರೀಮಂತರನ್ನು ಬರಿಗೈಯಲ್ಲಿ ಕಳಿಸಿದ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟು ಬಂದವರು, ಮೀನು ಸಿಗದೆ ದೋಣಿ ದಡಕ್ಕೆ ಎಳೆದಿಟ್ಟವರು ಇರುವ ಕರಾವಳಿ ಇದು. ಅವರ ಮನೆಯಂಗಳದಲ್ಲಿ ನಿಂತು ಹಾಡುವಾಗ ಆ ಸಾಲುಗಳನ್ನು ಬಿಡಲು ಹೇಗೆ ಮನಸ್ಸು ಬರುತ್ತದೆ?

ಗಿಟಾರ್, ಕೀಬೋರ್ಡ್, ಹೊಸ ರಾಗ ಯಾವುದಕ್ಕೂ ನನ್ನ ತಕರಾರಿಲ್ಲ. ಕೊಂಕಣಿಯಲ್ಲಿ ಹಾಡಲಿ, ಕನ್ನಡದಲ್ಲಿ ಹಾಡಲಿ, ಇಂಗ್ಲಿಷಿನಲ್ಲೇ ಹಾಡಲಿ. ಮಕ್ಕಳಿಗೆ ಉದ್ದದ ಹಾಡು ಬೇಜಾರು ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಪೂರ್ತಿ ನಾವು ದೇವರ ಸ್ತುತಿಯ ‘ಅಲ್ಲೆಲೂಯ’ ಹಾಡುವುದಿಲ್ಲ. ಯೇಸು ಎದ್ದ ಹಬ್ಬದ ಪಾಸ್ಕ (ಈಸ್ಟರ್) ಜಾಗರಣೆಯ ರಾತ್ರಿ ಅದು ತಿರುಗಿ ಬಂದಾಗ ಸಣ್ಣ ಮಕ್ಕಳೂ ಗಂಟಲು ಬಿಚ್ಚಿ ಹಾಡುತ್ತಾರೆ. ಏಕೆಂದರೆ ಯಾಕೆ ಹಾಡುತ್ತಿದ್ದೇವೆ ಎಂದು ಆ ರಾತ್ರಿ ಅವರಿಗೆ ಗೊತ್ತಿರುತ್ತದೆ. ಅಭ್ಯಾಸದ ದಿನ ಒಂದೊಂದು ಚರಣದ ಅರ್ಥ ಹೇಳಿಕೊಟ್ಟರೆ ಕ್ಯಾರಲ್ಸ್‌ನಲ್ಲೂ ಹಾಗೇ ಹಾಡುತ್ತಾರೆ.

ಪತ್ರಿಕೆಗೂ ಒಂದು ವಿನಂತಿ. ಹಬ್ಬದ ಪುಟದಲ್ಲಿ ಕೇಕ್ ಮತ್ತು ಅಲಂಕಾರದ ಜೊತೆಗೆ ಒಂದು ಹಾಡಿನ ಭಾವಾರ್ಥವನ್ನೂ ಹಾಕಿ. ಪಕ್ಕದ ಮನೆಯ ಅಕ್ಕನಂತೆ ತಿಳಿಯುವ ಆಸೆ ಇರುವವರು ಈ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ.

ತಂಡದ ಮುಖ್ಯಸ್ಥರೇ, ಒಂದು ಸಂಜೆಗೆ ನಾಲ್ಕು ಮನೆ ಕಡಿಮೆ ಮಾಡಿ, ಇನ್ನೊಂದು ಸಂಜೆ ಹೆಚ್ಚು ಹೊರಡಿ. ಹಾಸಿಗೆ ಹಿಡಿದವರು, ಇಗರ್ಜಿಗೆ ಬರಲಾಗದ ಅಜ್ಜ ಅಜ್ಜಿಯರು ಇರುವ ಮನೆಗೆ ಮೊದಲು ಹೋಗಿ. ಮನೆಯವರೇ, ಕುಸ್ವಾರ್ (ಕ್ರಿಸ್ಮಸ್ ತಿಂಡಿ) ತಟ್ಟೆಯನ್ನು ಹಾಡು ಪೂರ್ತಿ ಮುಗಿದ ಮೇಲೆ ಹೊರಗೆ ತನ್ನಿ. ಮಕ್ಕಳು ಒಂದು ಚರಣಕ್ಕೇ ನಿಲ್ಲಿಸಿದರೆ, ಮುಂದಿನದನ್ನೂ ಹಾಡಿ ಎಂದು ಕೇಳಿ.

– ನಿವೃತ್ತ ಶಿಕ್ಷಕಿ, ಕೋಡಿಬಾಗ, ಕಾರವಾರ