ಧಾರೆ ಹೊತ್ತಿಗೆ ನೀನು ಎಲ್ಲಿ ನಿಂತಿರುತ್ತೀಯ?

ಪ್ರೀತಿಯ ಕಾವ್ಯಾಗೆ ಮಾವನ ಆಶೀರ್ವಾದಗಳು.

ಕೆಲಸ ಬಿಟ್ಟು ಮದುವೆ ಫೋಟೋಗ್ರಫಿಗೇ ಇಳಿಯುತ್ತೀಯಂತೆ. ಬುದ್ಧಿ ಹೇಳು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಹಾಸನದಲ್ಲಿ ಇದೇ ಕಸುಬಿನಿಂದ ಮನೆ ಕಟ್ಟಿ ಮಕ್ಕಳನ್ನು ಓದಿಸಿದವನು ನಾನು, ಬೇಡ ಅನ್ನಲು ಯಾವ ಬಾಯಿ ಇದೆ ಹೇಳು?

ಆದರೆ ನೀನು ಕಳಿಸಿದ ಪಟ್ಟಿ ನೋಡಿ ಕಸಿವಿಸಿ ಆಯಿತು. ಎರಡು ಕ್ಯಾಮೆರಾ ಬಾಡಿ, ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸು, ವಿಡಿಯೋ ಅಲುಗದಂತೆ ಹಿಡಿಯುವ ಗಿಂಬಲ್, ಡ್ರೋನ್, ಎಲ್ಲವೂ ಇಎಂಐ. ಸುಮ್ನೆ ಯಾಕೆ? ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಎರಡು ಮೆಮೊರಿ ಕಾರ್ಡ್ ಹಿಡಿಯುವ ಕ್ಯಾಮೆರಾ ಒಂದು ಸ್ವಂತದ್ದಿರಲಿ, ಪ್ರತಿ ಫೋಟೋನೂ ಎರಡು ಕಾರ್ಡಿಗೂ ಹೋಗಲಿ. ಕಾರ್ಡ್ ಕೈಕೊಟ್ಟರೆ ಮದುವೆ ಮತ್ತೆ ಮಾಡಿಸೋಕಾಗಲ್ಲ, ಅಲ್ವಾ?

ನಿನ್ನ ಫೋಟೋಗಳನ್ನೂ ನೋಡಿದೆ. ರಿಸೆಪ್ಷನ್ ಚೆನ್ನಾಗಿದೆ, ಧಾರೆಯದು ಸಾಲದು. ಅಂತರಪಟ ಇಳಿಯುವ ಹೊತ್ತಿಗೆ ನೀನು ಜನರ ಮಧ್ಯೆ ಸಿಕ್ಕಿಕೊಂಡಿದ್ದೀಯ, ಮುಂದೆಲ್ಲ ಮೊಬೈಲ್ ಹಿಡಿದ ಕೈಗಳು. ಪಟ ಇಳಿಯುವುದು, ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಹಾಕುವುದು, ಹುಡುಗಿ ಮೊದಲು ಹಾಕಿಬಿಟ್ಟಳು ಅಂತ ಅವಳ ಕಡೆಯವರು ಕೇಕೆ ಹಾಕುವುದು, ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ಮೊದಲೇ ಪುರೋಹಿತರ ಹೆಗಲ ಹಿಂದೆ, ಪಟದ ಅಂಚಿಗೆ ನೇರವಾಗಿ ಜಾಗ ಹಿಡಿ, ಆಗ ಎರಡು ಮುಖವೂ ಸಿಗುತ್ತವೆ. ಬೆಳಿಗ್ಗೆನೇ ಪುರೋಹಿತರನ್ನು ಮಾತಾಡಿಸಿ, ಯಾವುದಾದ ಮೇಲೆ ಯಾವುದು ಅಂತ ಕೇಳಿಕೊ. ಶಾಸ್ತ್ರ ಒಂದೊಂದು ಮನೆಯಲ್ಲಿ ಒಂದೊಂದು ಥರ. ಗಟ್ಟಿಮೇಳ ಶುರುವಾದರೆ ಎಲ್ಲರೂ ಅಕ್ಷತೆ ಎಸೆಯಲು ಏಳುತ್ತಾರೆ, ಆಮೇಲೆ ನಿನಗೆ ಕಾಣುವುದು ಬರೀ ಬೆನ್ನು. ಹಾಗಂತ ತಾಳಿ ಹಿಡಿದ ಹುಡುಗನನ್ನು "ಸಾರ್, ಒಂದ್ನಿಮಿಷ, ಇಲ್ಲಿ ನೋಡಿ" ಅಂತ ತಡೆಯಬೇಡ. ನನಗಂತೂ ಅದನ್ನು ನೋಡಿದರೆ ಮೈ ಉರಿಯುತ್ತದೆ.

ಫಿಲ್ಮ್ ರೋಲಿಗೆ 36 ಫೋಟೋ ಅಷ್ಟೇ ಇದ್ದಾಗ ನಾವು ಕಾಯುವುದನ್ನು ಕಲಿತೆವು. ನೀವು ಬಟನ್ ಒತ್ತಿ ಹಿಡಿಯುತ್ತೀರಿ, ಆಮೇಲೆ ಮೂರು ಸಾವಿರ ಫೋಟೋ ಮುಂದೆ ಕೂತು ಆರಿಸಲಾಗದೆ ಒದ್ದಾಡುತ್ತೀರಿ.

ಛತ್ರದ ಎಲ್‌ಇಡಿಯಿಂದ ಫೋಟೋದಲ್ಲಿ ಪಟ್ಟೆ ಬರುತ್ತದೆ ಅಂದೆಯಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ 1/100 ಸೆಕೆಂಡಿಗೆ ಇಟ್ಟು ನೋಡು, ಬಹುಪಾಲು ಸರಿಹೋಗುತ್ತದೆ.

ಮಂಟಪದ ಹತ್ತಿರ ಬರಲಾಗದೆ ಕುರ್ಚಿಯಲ್ಲೇ ಕೂತ ಅಜ್ಜಿ ತಾತಂದಿರ ಬಳಿ ನೀನೇ ಹೋಗು. ಎಷ್ಟೋ ವರ್ಷ ಆದಮೇಲೆ ನನ್ನ ಅಂಗಡಿಗೆ ಬಂದು ಕೇಳುವುದು ಅವೇ ಫೋಟೋಗಳನ್ನು, ದೊಡ್ಡದು ಮಾಡಿಕೊಡಿ, ಫ್ರೇಮ್ ಹಾಕಿಸಬೇಕು ಅಂತ. ಅಕ್ಕನ ಮದುವೆಗೆ ಬಂದವನನ್ನೇ ತಂಗಿಯ ಮದುವೆಗೂ ಕರೆಯುವುದು ಇಂಥದ್ದಕ್ಕೇ, ಇನ್‌ಸ್ಟಾಗ್ರಾಂ ನೋಡಿ ಬರುವವರು ರೇಟು ಕೇಳಿ ಹೋಗುವುದೇ ಜಾಸ್ತಿ.

ದುಡ್ಡಿನ ವಿಷಯ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ಸೀಸನ್‌ನಲ್ಲಿ ಬಂದದ್ದರಲ್ಲಿ ಅದಕ್ಕೆ ಎತ್ತಿಡು. ಅಡ್ವಾನ್ಸ್ ಇಲ್ಲದೆ ತಾರೀಖು ಬರೆದುಕೊಳ್ಳಬೇಡ, ನೆಂಟರಾದರೂ ಸರಿ. ಬಾಕಿ ಬರುವ ತನಕ ಆಲ್ಬಂ ಪ್ರಿಂಟಿಗೆ ಹೋಗಬಾರದು.

ಮತ್ತೆ, ಕೇಳದೆ ಯಾರ ಫೋಟೋನೂ ಪೇಜಿಗೆ ಹಾಕಬೇಡ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದೇ. ನನ್ನ ಅಗ್ರಿಮೆಂಟಿನ ನಮೂನೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ, ಫೋಟೋ ಪೇಜಿಗೆ ಹಾಕಲು ಒಪ್ಪಿಗೆ ಇದೆ ಅನ್ನುವ ಒಂದು ಸಾಲು ಸೇರಿಸಿಕೊಂಡು ಸಹಿ ಹಾಕಿಸಿಕೊ.

ಇಂತಿ,
ನಿನ್ನ ಮಾವ