ಗೆಳೆಯನಿಗೊಂದು ಪತ್ರ: ಸ್ಟೇಡಿಯಂ ತುಂಬಿಸಿಯೂ ಹೊರಗುಳಿದ ಊರು

ಪ್ರೀತಿಯ ಮಂಜ,

ನಿನ್ನ ಮೆಸೇಜ್ ಓದಿ ನಗು ಬಂತು ಕಣೋ. ಮಗನಿಗೆ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಅಷ್ಟರಲ್ಲಿ ಯಾರೋ ನೆಂಟರು "ಆ ಕಾಲೇಜು ಯಾವುದೋ ಕಾನ್ಫರೆನ್ಸಿನಿಂದ ಹೊರಗೆ ಬಿತ್ತಂತೆ" ಅಂತ ಹೆದರಿಸಿದ್ದಾರೆ, ಮಾನ್ಯತೆ ಏನಾದರೂ ಹೋಗಿದೆಯಾ ಅಂತ ನಿನಗೆ ದಿಗಿಲು. ಮಾನ್ಯತೆ ಎಲ್ಲೂ ಹೋಗಿಲ್ಲ. ಹೋಗಿದ್ದು ಫುಟ್‌ಬಾಲ್. ಅದೂ ನಾವು ಒದ್ದಾಡಿಕೊಂಡು ಆಡುತ್ತಿದ್ದ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರಲ್ಲ, ಅದು. ಓದಿಗೂ ಅದಕ್ಕೂ ಸಂಬಂಧ ಇಲ್ಲ. ಟಿಕೆಟ್ ಬುಕ್ ಮಾಡಿಸು.

ಆದರೆ "ಅಷ್ಟು ಸಣ್ಣ ಊರು, ನೋಡೋಕೆ ಜನ ಬರ್ತಿರಲಿಲ್ಲ ಅಂತ ಬಿಟ್ಟರಾ?" ಅಂತ ಇನ್ನೊಂದು ಪ್ರಶ್ನೆ ಕೇಳಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಈ ಉದ್ದದ ಪತ್ರ.

ಮೊದಲು ಕಾನ್ಫರೆನ್ಸ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಹತ್ತು ಹನ್ನೆರಡು ಯೂನಿವರ್ಸಿಟಿಗಳು ಗುಂಪು ಕಟ್ಟಿಕೊಂಡು ತಮ್ಮೊಳಗೇ ಹೆಚ್ಚಿನ ಪಂದ್ಯ ಆಡುತ್ತವೆ, ಟಿವಿ ಹಕ್ಕನ್ನು ಒಟ್ಟಿಗೆ ಮಾರುತ್ತವೆ, ಬಂದ ದುಡ್ಡು ಹಂಚಿಕೊಳ್ಳುತ್ತವೆ. ಈ ಹಂಚಿಕೆಯಲ್ಲೇ ಇಡೀ ಕಥೆ ಇದೆ. ಸ್ಟೇಡಿಯಂನ ಟಿಕೆಟ್ ದುಡ್ಡು ಬಹುಪಾಲು ಆತಿಥೇಯ ಕಾಲೇಜಿನ ಜೇಬಿಗೇ ಹೋಗುತ್ತದೆ. ಟಿವಿ ದುಡ್ಡು ಎಲ್ಲರ ಗಲ್ಲಾಪೆಟ್ಟಿಗೆಗೆ. ಹಾಗಾಗಿ ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು ಅಂತ ಕೂತು ಮಾತಾಡುವಾಗ ಉಳಿದವರು ನೋಡುವುದು ಒಂದೇ: ಇವನು ಬಂದರೆ ನಮ್ಮ ಪಾಲು ಜಾಸ್ತಿ ಆಗುತ್ತದಾ? ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಊರಲ್ಲಿ ಸ್ಟೇಡಿಯಂ ತುಂಬಿದರೆ ಅದರಿಂದ ಬೇರೆ ಕಾಲೇಜಿನವನಿಗೆ ಏನು ಬಂತು?

ಮತ್ತೆ ಅದು ತುಂಬುತ್ತಿತ್ತು ಮಾರಾಯ. ನಿನ್ನ ಮಗ ಹೋಗುವ ಪುಲ್‌ಮನ್‌ನ ಜನಸಂಖ್ಯೆ ಸುಮಾರು 33 ಸಾವಿರ. ಅಲ್ಲಿನ ಸ್ಟೇಡಿಯಂನಲ್ಲಿ ಹಿಡಿಸುವ ಜನವೂ ಸುಮಾರು 33 ಸಾವಿರ! ಸಿಯಾಟಲ್‌ನಿಂದ ಹೊರಟರೆ ಬೆಟ್ಟ ದಾಟಿ, ಬಟಾಬಯಲು ದಾಟಿ, ಐದು ಗಂಟೆ ಕಾರಿನಲ್ಲಿ ಹೋಗಬೇಕು. ಕೊನೆಯ ಒಂದು ಗಂಟೆ ಬರೀ ಗೋಧಿ ಹೊಲದ ಗುಡ್ಡಗಳು. ಪಂದ್ಯದ ದಿನ ಆ ರಸ್ತೆ ತುಂಬ ಕೆಂಪು ಬಾವುಟ ಕಟ್ಟಿಕೊಂಡ ಕಾರುಗಳು, ಸ್ಟೇಡಿಯಂ ಹೊರಗೆ ಬೆಳಿಗ್ಗೆಯಿಂದಲೇ ಡಿಕ್ಕಿ ತೆಗೆದು ಒಲೆ ಹಚ್ಚಿ ಮಾಂಸ ಸುಡುತ್ತಾ ಕೂತವರು. ನಾನು ಶಾಕಾಹಾರಿ ಅಂದರೆ ಪಾಪ ಜೋಳದ ತೆನೆ ಸುಟ್ಟು ಕೊಡುತ್ತಾರೆ.

ಇನ್ನೊಂದು ಕೇಳು. ಇಎಸ್‌ಪಿಎನ್ ಎಂಬ ಕ್ರೀಡಾ ಚಾನೆಲ್‌ನಲ್ಲಿ ಶನಿವಾರ ಬೆಳಿಗ್ಗೆ 'ಕಾಲೇಜ್ ಗೇಮ್‌ಡೇ' ಅಂತ ಒಂದು ಕಾರ್ಯಕ್ರಮ ಬರುತ್ತದೆ. ವಾರಕ್ಕೊಂದು ಕಾಲೇಜಿನಿಂದ ನೇರಪ್ರಸಾರ. 2003ರ ಅಕ್ಟೋಬರ್‌ನಿಂದ ಆ ಕಾರ್ಯಕ್ರಮ ಎಲ್ಲೇ ನಡೆದರೂ, ನಿರೂಪಕರ ಬೆನ್ನ ಹಿಂದೆ ವಾಷಿಂಗ್ಟನ್ ಸ್ಟೇಟ್‌ನ ಕೆಂಪು ಬಾವುಟ ಹಾರುತ್ತದೆ. ಇವರ ಪಂದ್ಯ ಅಲ್ಲಿರುವುದಿಲ್ಲ, ಆದರೂ ಆ ಊರಲ್ಲಿರುವ ಯಾವನೋ ಹಳೆಯ ವಿದ್ಯಾರ್ಥಿ ಬೆಳಗಿನ ಜಾವ ಎದ್ದು ಹೋಗಿ ಗುಂಪಿನಲ್ಲಿ ನಿಂತು ಬೀಸುತ್ತಾನೆ, ಮುಗಿದ ಮೇಲೆ ಮಡಚಿ ಮುಂದಿನ ಊರಿಗೆ ಪಾರ್ಸೆಲ್ ಮಾಡುತ್ತಾರೆ. ಆ ಕಾರ್ಯಕ್ರಮ ಪುಲ್‌ಮನ್‌ಗೇ ಬಂದದ್ದು 2018ರಲ್ಲಿ, ಹದಿನೈದು ವರ್ಷ ಬಾವುಟ ಬೀಸಿದ ಮೇಲೆ. ಅಭಿಮಾನಕ್ಕೆ ಇದಕ್ಕಿಂತ ಏನು ಬೇಕು ಹೇಳು?

ಈಗ ಲಾಸ್ ಏಂಜಲೀಸ್‌ಗೆ ಬಾ. 2022ರ ಜೂನ್ 30ರಂದು ಅಲ್ಲಿನ ಎರಡು ಯೂನಿವರ್ಸಿಟಿಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ವಾಷಿಂಗ್ಟನ್ ಸ್ಟೇಟ್ ಕೂಡ ಇದ್ದ ತಮ್ಮ ಹಳೆಯ ಕಾನ್ಫರೆನ್ಸ್ ಪ್ಯಾಕ್-12 ಬಿಟ್ಟು ಬಿಗ್ ಟೆನ್ ಎಂಬ ಇನ್ನೊಂದು ಕಾನ್ಫರೆನ್ಸ್ ಸೇರುತ್ತೇವೆ ಅಂದವು. ಬಿಗ್ ಟೆನ್ ಅಂದರೆ ಮಿಷಿಗನ್, ಒಹಾಯೊ ಸ್ಟೇಟ್ ಎಲ್ಲ ಇರುವ ದೊಡ್ಡ ಮನೆತನ, ಇಲ್ಲಿಂದ ಮೂರು ಸಾವಿರ ಕಿಲೋಮೀಟರ್ ಆಚೆ. ಎರಡು ತಿಂಗಳ ನಂತರ ಯುಸಿಎಲ್‌ಎ ತನ್ನ ಸೀಸನ್ನಿನ ಮೊದಲ ಪಂದ್ಯ ಆಡಿತು. ಆಡುವುದು ರೋಸ್ ಬೌಲ್‌ನಲ್ಲಿ, ಸುಮಾರು 90 ಸಾವಿರ ಜನ ಹಿಡಿಸುವ ಸ್ಟೇಡಿಯಂ. ಬಂದವರು 27,143. ಅಲ್ಲಿ ಯುಸಿಎಲ್‌ಎ ಪಂದ್ಯಕ್ಕೆ ಬಂದ ಅತಿ ಕಡಿಮೆ ಜನ ಅದು. ನೆಪಗಳು ಇದ್ದವು ಬಿಡು: ಸುಡುಬಿಸಿಲು, ಕಾಲೇಜು ಇನ್ನೂ ಶುರುವಾಗಿರಲಿಲ್ಲ, ಸ್ಟೇಡಿಯಂ ಕ್ಯಾಂಪಸ್ಸಿನಿಂದ ದೂರ. ಆದರೂ ಅದು ಪುಲ್‌ಮನ್‌ನಂಥ ಊರಲ್ಲಿ ಸೇರುವುದಕ್ಕಿಂತ ಕಡಿಮೆ ಜನ, ಅದೂ ದೇಶದ ಎರಡನೇ ದೊಡ್ಡ ನಗರದಲ್ಲಿ. ಬಿಗ್ ಟೆನ್‌ನವರು ತಲೆ ಕೆಡಿಸಿಕೊಳ್ಳಲೇ ಇಲ್ಲ. ಅವರಿಗೆ ಬೇಕಿದ್ದುದು ಲಾಸ್ ಏಂಜಲೀಸ್‌ನ ಟಿವಿಗಳು. ಆ ಪಂದ್ಯಕ್ಕೆ ಸ್ವಲ್ಪ ಮುಂಚೆ, ಆಗಸ್ಟ್‌ನಲ್ಲಿ, ಫಾಕ್ಸ್, ಸಿಬಿಎಸ್, ಎನ್‌ಬಿಸಿ ಟಿವಿ ಕಂಪನಿಗಳ ಜೊತೆ ಏಳು ವರ್ಷಕ್ಕೆ ಏಳು ಬಿಲಿಯನ್ ಡಾಲರ್‌ಗೂ ಮೀರಿದ ಒಪ್ಪಂದ ಮಾಡಿಕೊಂಡಿದ್ದರು.

ಇವರಿಬ್ಬರು ಹೊರಟ ಮೇಲೆ ಪ್ಯಾಕ್-12ಕ್ಕೆ ಟಿವಿಯವರು ಕೊಡುವ ಬೆಲೆ ಬಿದ್ದುಹೋಯಿತು. ಕೊನೆಗೆ ಆಪಲ್ ಕಂಪನಿ ಸ್ಟ್ರೀಮಿಂಗ್‌ಗೆ ಒಂದು ಆಫರ್ ಇಟ್ಟಿತು, ಚಂದಾದಾರರು ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ ಅಂತ. ಹಲವರಿಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲೇ, 2023ರ ಜುಲೈ ಕೊನೆಗೆ, ಕೊಲರಾಡೊ ಬಿಗ್ 12 ಎಂಬ ಇನ್ನೊಂದು ಗುಂಪಿಗೆ ಹೋಗಿತ್ತು. ಆಗಸ್ಟ್ 4ರಂದು ಒಂದೇ ದಿನ ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿ ಸೇರಿದ್ದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ. ಪೆಸಿಫಿಕ್ ದಡದ ಕಾಲೇಜುಗಳು ಅಟ್ಲಾಂಟಿಕ್ ಹೆಸರಿನ ಗುಂಪಿಗೆ! 1915ರಲ್ಲಿ ಹುಟ್ಟಿದ ಗುಂಪಿನಲ್ಲಿ ಉಳಿದವರು ಇಬ್ಬರು, ಒರೆಗಾನ್ ಸ್ಟೇಟ್ ಮತ್ತು ನಿಮ್ಮ ವಾಷಿಂಗ್ಟನ್ ಸ್ಟೇಟ್. (ಸಿಯಾಟಲ್‌ನಲ್ಲಿರುವುದು ಬೇರೆ, ಯೂನಿವರ್ಸಿಟಿ ಆಫ್ ವಾಷಿಂಗ್ಟನ್. ನೆಂಟರಿಗೆ ಹೇಳುವಾಗ ಗೊಂದಲ ಮಾಡ್ಕೋಬೇಡ, ಎರಡೂ ಕಡೆಯವರಿಗೆ ಸಿಟ್ಟು ಬರುತ್ತದೆ.)

ಮುಂದಿನ ತಿಂಗಳೇ ಬಿಗ್ ಟೆನ್‌ನ ವಿಸ್ಕಾನ್ಸಿನ್ ತಂಡ ಪುಲ್‌ಮನ್‌ಗೆ ಬಂತು. 31-22ಕ್ಕೆ ಸೋತು ಹೋಯಿತು. ಜನ ಮೈದಾನಕ್ಕೇ ನುಗ್ಗಿದರು. ನನಗೂ ಒಳಗೊಳಗೆ ಖುಷಿ, ಸಿಯಾಟಲ್‌ನಲ್ಲಿ ಕೂತು ಇದನ್ನು ಹೇಳುವ ಹಾಗಿಲ್ಲ.

ತಮಾಷೆ ಏನೆಂದರೆ ಮೊದಲು ಎಲ್ಲ ಉಲ್ಟಾ ಇತ್ತು. ಟಿವಿಯಲ್ಲಿ ತೋರಿಸಿದರೆ ಸ್ಟೇಡಿಯಂ ಖಾಲಿ ಆಗುತ್ತದೆ ಅಂತ ಹೆದರಿ, 1951ರಿಂದ ಎನ್‌ಸಿಎಎ ಎಂಬ ಇಲ್ಲಿನ ಕಾಲೇಜು ಕ್ರೀಡೆಗಳ ಮಂಡಳಿಯೇ ಎಷ್ಟು ಪಂದ್ಯ ತೋರಿಸಬೇಕು ಅಂತ ಲಗಾಮು ಹಾಕಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ಯೂನಿವರ್ಸಿಟಿಗಳು ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಆ ಲಗಾಮು ಕಿತ್ತು ಹಾಕಿತು. ಒಪ್ಪದ ಇಬ್ಬರಲ್ಲಿ ಒಬ್ಬರು ನ್ಯಾಯಮೂರ್ತಿ ಬೈರನ್ ವೈಟ್, ಸ್ವತಃ ಕೊಲರಾಡೊ ಪರ ಆಡಿ ಹೆಸರು ಮಾಡಿದ್ದ ಫುಟ್‌ಬಾಲ್ ಆಟಗಾರ. ದುಡ್ಡಿನ ಆಸೆ ಕಾಲೇಜು ಆಟವನ್ನು ಏನು ಮಾಡುತ್ತದೆ ಅಂತ ಆ ಮನುಷ್ಯನಿಗೆ ಗೊತ್ತಿತ್ತು. ಆ ತೀರ್ಪಿನ ನಂತರ ಹಕ್ಕು ಕಾಲೇಜುಗಳ ಕೈಗೆ ಬಂತು, ಅವು ಗುಂಪಾಗಿ ಮಾರಲು ಶುರು ಮಾಡಿದವು, ದೊಡ್ಡ ಗುಂಪಿಗೆ ದೊಡ್ಡ ಬೆಲೆ ಸಿಕ್ಕಿತು.

2014ರಲ್ಲಿ ಬಿಗ್ ಟೆನ್ ರಟ್ಗರ್ಸ್ ಅನ್ನು ಸೇರಿಸಿಕೊಂಡಿತು. ನ್ಯೂಜೆರ್ಸಿಯದು, ಸ್ಟೇಡಿಯಂ 52 ಸಾವಿರದ್ದು, ಫುಟ್‌ಬಾಲಿನಲ್ಲಿ ಅಂಥ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಪಕ್ಕದಲ್ಲೇ ನ್ಯೂಯಾರ್ಕ್. ಬಿಗ್ ಟೆನ್‌ಗೆ ಸ್ವಂತ ಚಾನೆಲ್ ಇದೆ, ತಮ್ಮ ಕಾಲೇಜು ಇರುವ ಸೀಮೆಯಲ್ಲಿ ಕೇಬಲ್‌ನವರಿಂದ ಮನೆಗೆ ಇಷ್ಟು ಅಂತ ಹೆಚ್ಚಿನ ದರ ವಸೂಲಿ ಮಾಡಬಹುದು. ಪಂದ್ಯ ನೋಡದ ಅಜ್ಜಿಯ ಕೇಬಲ್ ಬಿಲ್ಲಿನಿಂದಲೂ ದುಡ್ಡು. ನಮ್ಮ ಕ್ರಿಕೆಟ್‌ನಲ್ಲಿ ಐಪಿಎಲ್ ಹಕ್ಕಿನ ಹರಾಜು ನೋಡಿದವನಿಗೆ ಇದೇನು ಹೊಸದಲ್ಲ ಅಲ್ವಾ? ಇನ್ನು ಹಳೆಯ ಸದಸ್ಯರಲ್ಲಿ ನಾರ್ತ್‌ವೆಸ್ಟರ್ನ್ ಇದೆ. ಸ್ಟೇಡಿಯಂ ಕೆಡವಿ ಹೊಸದು ಕಟ್ಟುವಾಗ, 2024ರಲ್ಲಿ ಮಿಷಿಗನ್ ಸರೋವರದ ದಡದಲ್ಲಿ 12 ಸಾವಿರ ಸೀಟಿನ ತಾತ್ಕಾಲಿಕ ಮೈದಾನದಲ್ಲಿ ಆಡಿತು. ಅದೇ ಗುಂಪಿನಲ್ಲಿ 1,07,601 ಸೀಟಿನ ಮಿಷಿಗನ್. ಪಾಲು ಮಾತ್ರ ಇಬ್ಬರಿಗೂ ಸಮ. ಮೊದಲೇ ಒಳಗಿದ್ದವರನ್ನು ಯಾರೂ ತಲೆ ಎಣಿಸಿ ಹೊರಗೆ ಹಾಕಿಲ್ಲ.

ಹಾಗಂತ ಸ್ಟೇಡಿಯಂಗೆ ಬರುವ ಜನಕ್ಕೆ ಬೆಲೆಯೇ ಇಲ್ಲ ಅನ್ನಲಾರೆ. ನೆಬ್ರಾಸ್ಕ ನೋಡು, ದೊಡ್ಡ ನಗರ ಅಂತ ಒಂದೂ ಇಲ್ಲದ ರಾಜ್ಯ. ಆದರೆ 1962ರಿಂದ ಅಲ್ಲಿನ ಯೂನಿವರ್ಸಿಟಿ ಪಂದ್ಯದ ಟಿಕೆಟ್ ಪ್ರತಿ ಸಲವೂ ಪೂರ್ತಿ ಮಾರಾಟ. 2011ರಲ್ಲಿ ಬಿಗ್ ಟೆನ್ ಕರೆದು ಸೇರಿಸಿಕೊಂಡಿತು. ಆಗಲೇ ಸುಮಾರು ಐವತ್ತು ವರ್ಷ ಸ್ಟೇಡಿಯಂ ತುಂಬಿಸಿದ್ದ ಜನ ಬೇರೆ ರಾಜ್ಯದಲ್ಲಿದ್ದರೂ ಟಿವಿ ಹಾಕುತ್ತಾರೆ, ಅದು ಲೆಕ್ಕಕ್ಕೆ ಬಂತು. ಖಾಲಿ ಸೀಟುಗಳ ಮುಂದೆ ಆಡುವ ಪಂದ್ಯ ಟಿವಿಯಲ್ಲೂ ಸಪ್ಪೆ ಕಾಣುತ್ತದೆ. 2012ರಲ್ಲಿ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿ ತನ್ನ ಗುಂಪು ಬದಲಿಸಿದಾಗ ಯೂನಿವರ್ಸಿಟಿ ಆಫ್ ಟೆಕ್ಸಸ್ ಜೊತೆಗಿನ ನೂರು ವರ್ಷಕ್ಕೂ ಹಳೆಯ ಪಂದ್ಯ ನಿಂತುಹೋಗಿತ್ತು. 2024ರಲ್ಲಿ ಟೆಕ್ಸಸ್ಸೂ ಅದೇ ಗುಂಪಿಗೆ ಬಂದು, ನವೆಂಬರ್ 30ರಂದು ಮತ್ತೆ ಆಡಿದರು. 1,09,028 ಜನ. ಆದರೆ ಟೆಕ್ಸಸ್ ಜೊತೆ ಒಕ್ಲಹೋಮವೂ ಆ ಗುಂಪಿಗೆ ಹೋಗಿದ್ದರಿಂದ ಒಕ್ಲಹೋಮ ಮತ್ತು ಒಕ್ಲಹೋಮ ಸ್ಟೇಟ್ ನಡುವಿನ ವರ್ಷವರ್ಷದ ಪಂದ್ಯ 2023ಕ್ಕೆ ನಿಂತಿತು.

ಅಂದ ಹಾಗೆ, ಪೇಪರಿನಲ್ಲಿ ಬರುವ ಜನರ ಲೆಕ್ಕವನ್ನು ಪೂರ್ತಿ ನಂಬಬೇಡ. ಅದು ಎಷ್ಟೋ ಕಡೆ ಮಾರಿದ, ಹಂಚಿದ ಟಿಕೆಟ್‌ಗಳ ಲೆಕ್ಕ. 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಗೇಟಿನಲ್ಲಿ ಸ್ಕ್ಯಾನ್ ಆದ ಟಿಕೆಟ್ ತೆಗೆದು ನೋಡಿದಾಗ, ಹೇಳಿದ ಸಂಖ್ಯೆಯ ಸುಮಾರು ಶೇ. 71 ಮಾತ್ರ ಒಳಗೆ ಬಂದಿದ್ದರು.

ಈಗ ಪ್ಯಾಕ್-12 ಕಥೆ ಏನಾಯಿತು ಅಂತೀಯಾ? ಉಳಿದ ಇಬ್ಬರು ಕೋರ್ಟಿಗೆ ಹೋಗಿ ಆ ಗುಂಪಿನ ಹೆಸರು, ದುಡ್ಡು, ಅಧಿಕಾರ ಎಲ್ಲ ತಮ್ಮ ಕೈಗೆ ತಗೊಂಡರು, ಬಿಟ್ಟುಹೋಗುವವರಿಗೆ ಕೂತು ನಿರ್ಧಾರ ಮಾಡುವ ಹಕ್ಕಿಲ್ಲ ಅಂತ. ಭೇಷ್ ಅನ್ನಿಸಿತು ನನಗೆ. ಬೋಯಿಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಯೂಟಾ ಸ್ಟೇಟ್, ಕೊಲರಾಡೊ ಸ್ಟೇಟ್, ಟೆಕ್ಸಸ್ ಸ್ಟೇಟ್ ಇವರನ್ನೆಲ್ಲ ಕರೆದು 2026ಕ್ಕೆ ಹೊಸದಾಗಿ ಕಟ್ಟಿದ್ದಾರೆ. ಟಿವಿ ದುಡ್ಡು ಮೊದಲಿನಷ್ಟು ಬರುವುದಿಲ್ಲ. ಆದರೆ ಬೋಯಿಸಿಯಿಂದ ಪುಲ್‌ಮನ್‌ಗೆ ಬೆಳಿಗ್ಗೆ ಕಾರಿನಲ್ಲಿ ಹೊರಟರೆ ಮಧ್ಯಾಹ್ನಕ್ಕೆ ಬರಬಹುದು. ಎದುರಾಳಿ ಊರಿನ ಜನ ಕಾರಿನಲ್ಲಿ ಬರುವ ಪಂದ್ಯಕ್ಕೆ ಇರುವ ಗದ್ದಲ, ಲಾಸ್ ಏಂಜಲೀಸ್‌ನ ತಂಡ ನ್ಯೂಜೆರ್ಸಿಗೆ ವಿಮಾನದಲ್ಲಿ ಹೋಗಿ ಆಡುವ ಪಂದ್ಯಕ್ಕೆ ಎಲ್ಲಿಂದ ಬರಬೇಕು?

ಮಗನಿಗೆ ಹೇಳು, ವಿದ್ಯಾರ್ಥಿಗಳಿಗೆ ಕ್ರೀಡಾ ಪಾಸ್ ಇರುತ್ತದೆ, ಹೋದ ತಕ್ಷಣ ಮಾಡಿಸಿಕೊಳ್ಳಲಿ. ನವೆಂಬರ್‌ಗೆ ಒಳ್ಳೆ ಜಾಕೆಟ್ ಬೇಕು, ಅದನ್ನು ಇಲ್ಲಿಗೆ ಬಂದೇ ಕೊಳ್ಳಲಿ, ಬೆಂಗಳೂರಿನಲ್ಲಿ ಸುಮ್ನೆ ದುಡ್ಡು ಹಾಳು ಮಾಡಬೇಡ. ಸಿಯಾಟಲ್‌ನಲ್ಲಿ ಇಳಿದರೆ ಎರಡು ದಿನ ನಮ್ಮ ಮನೆಯಲ್ಲಿದ್ದು ಹೋಗಲಿ, ಪುಲ್‌ಮನ್‌ಗೆ ನಾನೇ ಬಿಟ್ಟು ಬರುತ್ತೇನೆ. ಅವನ ಫ್ಲೈಟ್ ತಾರೀಕು ಗೊತ್ತಾದ ಕೂಡಲೇ ಕಳಿಸು.

ನಿನ್ನ,
ಶ್ರೀಧರ